ಬೈಯಲು ಬಾರದವನ ಜೊತೆ ಐವತ್ತೆಂಟು ಲಾಕು

ಗಂಡ ಹೆಂಡಿರು ಜಗಳವಾಡಲೆಂದೇ ಯಾರಾದರೂ ಕಾಲುವೆ ತೋಡಿಸಿದ್ದರೆ ಅದು ನಮ್ಮ ಸ್ವೀಡನ್ನಿನವರೇ ಇರಬೇಕು. ತೋಡಿಸಿದ ದೊಡ್ಡವರ ಮನಸ್ಸಿನಲ್ಲಿ ಹಾಗೇನೂ ಇರಲಿಲ್ಲ, ಪಾಪ. ಪಶ್ಚಿಮದ ಸರಕನ್ನು ಪೂರ್ವಕ್ಕೆ ಸಾಗಿಸೋಣ ಎಂದು ಸೈನಿಕರ ಕೈಯಿಂದ ಕೋವಿ ಕಿತ್ತುಕೊಂಡು ಸಲಿಕೆ ಕೊಟ್ಟು ಇಪ್ಪತ್ತೆರಡು ವರ್ಷ ಅಗೆಸಿದರು. ಅಗೆದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ರೈಲು ಬಂತು. ಸರಕೆಲ್ಲ ರೈಲು ಹತ್ತಿತು, ಕಾಲುವೆ ದಂಪತಿಗಳ ಪಾಲಿಗೆ ಉಳಿಯಿತು. ನಕಾಶೆಯಲ್ಲಿ ಅದಕ್ಕೆ ಯೋಟಾ ಕಾಲುವೆ ಎಂದು ಹೆಸರು. ದಡದಲ್ಲಿ ಐಸ್‌ಕ್ರೀಂ ನೆಕ್ಕುತ್ತ ಕೂತವರ ಬಾಯಲ್ಲಿ ಮಾತ್ರ ಅದು ಡೈವೋರ್ಸ್ ಹಳ್ಳ.

ಅದಕ್ಕೆ ಕಾರಣ ಲಾಕುಗಳು. ಒಂದಲ್ಲ ಎರಡಲ್ಲ, ಐವತ್ತೆಂಟು. ದೋಣಿಯನ್ನು ಕಲ್ಲಿನ ಇಕ್ಕಟ್ಟು ತೊಟ್ಟಿಯೊಂದರೊಳಗೆ ತೂರಿಸಬೇಕು. ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನಿಂದ ನೀರು ಭೋರೆಂದು ನುಗ್ಗುತ್ತದೆ, ದೋಣಿ ಎದ್ದು ಬಿದ್ದು ಕುಣಿಯುತ್ತ ಮೇಲೇರುತ್ತದೆ. ಇಳಿಯುವಾಗ ನೀರು ಸೋರಿಹೋಗಿ ದೋಣಿ ಬಾವಿಗಿಳಿದಂತೆ ಇಳಿಯುತ್ತದೆ. ಗಂಡ ಚುಕ್ಕಾಣಿ ಹಿಡಿದು ಅಡ್ಮಿರಲ್‌ನ ಹಾಗೆ ನಿಂತಿರುತ್ತಾನೆ. ಹೆಂಡತಿ ದಡಕ್ಕೂ ದೋಣಿಗೂ ಹಾರಾಡುತ್ತ, ದೋಣಿ ಅಲುಗದ ಹಾಗೆ ಹಗ್ಗ ಹಿಡಿದು ಒದ್ದಾಡುತ್ತಾಳೆ. ತಪ್ಪು ಯಾರದ್ದೇ ಆಗಿರಲಿ, ಬೈಗುಳ ಹಗ್ಗ ಹಿಡಿದವಳಿಗೆ. ಇದನ್ನು ನೋಡಲಿಕ್ಕೆಂದೇ ಜನ ಮಡಚುವ ಕುರ್ಚಿ, ಫ್ಲಾಸ್ಕು, ಬನ್ನು ಕಟ್ಟಿಕೊಂಡು ಬರುತ್ತಾರೆ. ನಾಟಕಕ್ಕೆ ಟಿಕೆಟ್ ಇದೆ, ಇದಕ್ಕೆ ಇಲ್ಲ.

ಗುನ್ವೋರ್‌ಗೆ ಇದೆಲ್ಲ ಹೊಸದಲ್ಲ. ಅವಳಿಗೀಗ ಅರವತ್ತನಾಲ್ಕು. ಮಾರಿಯೆಸ್ತಾದ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮೀನು ಬೇಯಿಸಿ ಹಾಕಿ ನಿವೃತ್ತಳಾದವಳು. ಹಿಂದೊಮ್ಮೆ ಗಂಡ ಸಿಕ್ಸ್ಟೆನ್ ಜೊತೆ ಇದೇ ಕಾಲುವೆಗೆ ಬಂದಿದ್ದಳು. ಮೂರನೇ ದಿನ ತೊರೆಬೊದಾ ತಲುಪುವಷ್ಟರಲ್ಲಿ ಇಬ್ಬರ ಗಂಟಲೂ ಬಿದ್ದುಹೋಗಿತ್ತು. ಅಲ್ಲಿ ಕಾಲುವೆಯ ಪಕ್ಕದಲ್ಲೇ ರೈಲು ನಿಲ್ದಾಣ, ಯಾವ ಪುಣ್ಯಾತ್ಮ ಕಟ್ಟಿಸಿದನೋ. ಗುನ್ವೋರ್ ಹಗ್ಗವನ್ನು ಸಿಕ್ಸ್ಟೆನ್‌ನ ತಲೆಯ ಮೇಲೆ ಎಸೆದು ರೈಲು ಹತ್ತಿದಳು. ನಾಲ್ಕು ದಿನ ಬಿಟ್ಟು ಸಿಕ್ಸ್ಟೆನ್ ಮನೆಗೆ ಬಂದ, ಹೊಸ್ತಿಲಲ್ಲೇ ಇನ್ನೊಂದು ಸುತ್ತು ಬೈದ, ಇವಳೂ ಬೈದಳು, ಆಮೇಲೆ ಇಬ್ಬರೂ ಕೂತು ಸಬ್ಬಸಿಗೆ ಹಾಕಿದ ಎಳೆ ಆಲೂಗಡ್ಡೆ ತಿಂದರು. ಹೀಗೆ ಮೂವತ್ತೊಂದು ವರ್ಷ ಸಂಸಾರ ಮಾಡಿದರು. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಿಕ್ಸ್ಟೆನ್‌ನ ಹೃದಯ ನಿಂತುಹೋಯಿತು, ಮನೆ ಗಪ್‌ಚಿಪ್ ಆಯಿತು.

ಆಮೇಲೆ ಬಂದವನು ಟೋರ್ಡ್. ಲಿದ್‌ಶೋಪಿಂಗ್ ಊರಿನವನು, ವಯಸ್ಸು ಅರವತ್ತೇಳು, ಜೀವಮಾನವೆಲ್ಲ ಬೇರೆಯವರ ಪಿಯಾನೋಗಳ ಶ್ರುತಿ ಸರಿಮಾಡಿಕೊಂಡು ಬದುಕಿದವನು. ಲೈಲಾ ಎಂಬ ಹೆಂಡತಿ ಇದ್ದಳಂತೆ, ಯಾವತ್ತೋ ಬಿಟ್ಟುಹೋದಳಂತೆ. ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ಇವಳು ಕೆದಕಲಿಲ್ಲ. ಆರು ವರ್ಷದಿಂದ ಅವನ ಮನೆ ಅವನಿಗೆ, ಇವಳ ಮನೆ ಇವಳಿಗೆ. ಶುಕ್ರವಾರ ಸಂಜೆ ಬರುವುದು, ಭಾನುವಾರ ಕಾಫಿ ಕುಡಿದು ಹೊರಡುವುದು. ಈ ಕಡೆ ವಯಸ್ಸಾದ ಎಷ್ಟೋ ಜೋಡಿಗಳು ಹೀಗೇ ಇರುತ್ತವೆ, ಯಾರೂ ಹುಬ್ಬೇರಿಸುವುದಿಲ್ಲ.

ಹೋದ ಮೇ ತಿಂಗಳಲ್ಲಿ ಟೋರ್ಡ್ ಕಾಫಿ ಕಪ್ಪಿನೊಳಗೇ ನೋಡುತ್ತ ಕೇಳಿದ: "ಇನ್ನು ಒಂದೇ ಮನೇಲಿ ಇರೋಣ್ವಾ?"

ಗುನ್ವೋರ್ ತಕ್ಷಣ ಹೂಂ ಎನ್ನಲಿಲ್ಲ. ಮನಸ್ಸಿರಲಿಲ್ಲ ಎಂದಲ್ಲ, ಭಾನುವಾರ ಮಧ್ಯಾಹ್ನ ಅವನ ಕಾರು ತಿರುವಿನಲ್ಲಿ ಮರೆಯಾಗುವ ತನಕ ಅವಳು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಆದರೆ ಈ ಗಂಡಸಿಗೆ ಒಂದು ದೊಡ್ಡ ಐಬಿತ್ತು. ಆರು ವರ್ಷದಲ್ಲಿ ಒಂದು ದಿನವೂ ಸಿಟ್ಟಾಗಿರಲಿಲ್ಲ. ಅವನ ಕಾರಿನ ಬಾಗಿಲನ್ನು ಇವಳು ಗೋಡೆಗೆ ಉಜ್ಜಿದಾಗ "ಪರವಾಗಿಲ್ಲ, ಬಾಗಿಲು ತಾನೇ" ಎಂದಿದ್ದ. ಅವನ ಉಣ್ಣೆಯ ಸ್ವೆಟರನ್ನು ಬಿಸಿನೀರಿಗೆ ಹಾಕಿ ಗೊಂಬೆಯ ಅಂಗಿಯಷ್ಟು ಮಾಡಿದಾಗ "ಬೆಚ್ಚಗೆ ಇರತ್ತೆ" ಎಂದಿದ್ದ. ಬೈಯುವ ಗಂಡಸಿನ ಜೊತೆ ಬಾಳಿದವಳಿಗೆ ಇದನ್ನು ಕಂಡರೆ ಭಯ. ಸಿಕ್ಸ್ಟೆನ್ ಕೂಗಾಡುತ್ತಿದ್ದರೆ ಅವನು ಎಲ್ಲಿದ್ದಾನೆ, ತಾನೆಲ್ಲಿದ್ದೇನೆ ಎಂದು ಗೊತ್ತಾಗುತ್ತಿತ್ತು. ಈ ನಗುಮುಖದವನು ಒಂದು ದಿನ ಹೀಗೇ ನಗುತ್ತ, "ಪರವಾಗಿಲ್ಲ" ಎನ್ನುತ್ತ, ಚಪ್ಪಲಿ ಮೆಟ್ಟಿಕೊಂಡು ಎದ್ದುಹೋದರೆ? ಮನೆಯನ್ನು ಎರಡನೇ ಸಲ ಗಪ್‌ಚಿಪ್ ಮಾಡಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ಕಾಲುವೆಗೆ ಹೋಗೋಣ," ಎಂದಳು. "ಈ ಕಡೆಯಿಂದ ಆ ಕಡೆ ತನಕ. ಸಮುದ್ರ ಸಿಗತ್ತಲ್ಲ, ಮೇಮ್, ಅಲ್ಲಿಗೆ ಮುಟ್ಟಿದ ದಿನ ಹೇಳ್ತೀನಿ."

"ಹಾಗೇ ಆಗ್ಲಿ," ಎಂದ ಟೋರ್ಡ್. ಅವನ ಕೈಯಲ್ಲಿದ್ದ ಚಮಚ ಕಪ್ಪಿಗೆ ತಗುಲಿ ಟಣ್ ಎಂದಿತು. ಗುನ್ವೋರ್ ಅದನ್ನು ಗಮನಿಸಲಿಲ್ಲ.

ಜುಲೈಯಲ್ಲಿ ಹೊರಟರು. ಟೋರ್ಡ್‌ನದು ಒಂಬತ್ತು ಮೀಟರಿನ ಹಳೆಯ ಮೋಟಾರು ದೋಣಿ. ಮಲಗಲು ಇಕ್ಕಟ್ಟಾದ ಒಂದು ಕೋಣೆ, ಒಂದು ಒಲೆ, ಕೂತರೆ ಮಂಡಿ ಗೋಡೆಗೆ ತಾಗುವ ಒಂದು ಪಾಯಿಖಾನೆ. ಈ ಕಾಲುವೆಯಲ್ಲಿ ಮೊದಲ ಲಾಕಿನಲ್ಲಿ ಯಾರ ಜೊತೆ ಸಿಕ್ಕಿಬಿದ್ದಿರೋ ಅವರೇ ಕೊನೆಯವರೆಗೂ ನಿಮ್ಮ ಕರ್ಮ. ಇವರಿಗೆ ಸಿಕ್ಕವರು ಬೂರೋಸ್ ಊರಿನ ಇವಾರ್ ಮತ್ತು ಅವನ ಹೆಂಡತಿ ಸೀವ್. ನಲವತ್ತು ವರ್ಷದ ದಾಂಪತ್ಯ, ನಲವತ್ತು ವರ್ಷದ ಜಗಳ, ಇಬ್ಬರೂ ಕಲ್ಲುಗುಂಡಿನ ಹಾಗೆ ಆರೋಗ್ಯವಾಗಿದ್ದರು.

ಶ್ಯೋತೋರ್ಪ್‌ನ ಮೊದಲ ಲಾಕಿನಲ್ಲೇ, ದಡ ಹತ್ತಿದ್ದ ಸೀವ್‌ಳ ಹಗ್ಗ ಕೈತಪ್ಪಿತು.

"ಕಣ್ಣನ್ನ ಮನೇಲೇ ಇಟ್ಟು ಬಂದ್ಯೇನೇ?" ಎಂದು ಇವಾರ್ ಕೆಳಗಿನಿಂದ ಗುಡುಗಿದ.

"ಕಣ್ಣಿದ್ದಿದ್ರೆ ನಿನ್ನಂಥವನ್ನ ಕಟ್ಕೊತಿದ್ನಾ?" ಎಂದು ಸೀವ್ ಮೇಲಿನಿಂದ ಗುಡುಗಿದಳು.

ದಡದಲ್ಲಿ ಕೂತವರು ಕುರ್ಚಿಯನ್ನು ಒಂದು ಗೇಣು ಮುಂದೆಳೆದುಕೊಂಡರು. ಮುಂದಿನ ಸರದಿ ಗುನ್ವೋರ್‌ಳದು. ಅವಳು ಹಗ್ಗ ಎಸೆದಳು. ಅದು ದಡದ ಕಲ್ಲಿಗೆ ಹುಗಿದ ಕಬ್ಬಿಣದ ಬಳೆಗೆ ತಾಗದೆ, ಗೋಡೆಗೂ ತಾಗದೆ, ನೆಟ್ಟಗೆ ನೀರಿಗೆ ಬಿತ್ತು. ಎಲ್ಲರೂ ಟೋರ್ಡ್‌ನ ಬಾಯಿ ನೋಡಿದರು.

"ಪರವಾಗಿಲ್ಲ ಗುನ್ವೋರ್. ಚೆನ್ನಾಗೇ ಎಸೆದೆ. ಇನ್ನೊಂದು ಸಲ ನೋಡು."

ಚೆನ್ನಾಗಿ ಎಸೆದಳಂತೆ! ಹಗ್ಗದ ತುದಿ ಅಲ್ಲೇ ತೇಲುತ್ತಿದ್ದ ಬಾತುಕೋಳಿಯೊಂದರ ಬೆನ್ನಿನ ಮೇಲಿತ್ತು. ಟೋಪಿಯ ಮುದುಕನೊಬ್ಬ ಬೇಸರದಿಂದ ಎದ್ದು, ಕುರ್ಚಿ ಮಡಚಿಕೊಂಡು, ಇವಾರ್‌ನ ದೋಣಿಯ ಎದುರಿಗೆ ಹೋಗಿ ಕೂತ.

ಮೊದಲ ಹತ್ತು ಲಾಕುಗಳಲ್ಲಿ ಗುನ್ವೋರ್ ಸಹಜವಾಗಿ ತಪ್ಪು ಮಾಡಿದಳು. ಆಮೇಲೆ ಕೈ ಪಳಗಿತು. ಪಳಗಿದ ಮೇಲೆ ಬೇಕೆಂದೇ ತಪ್ಪು ಮಾಡತೊಡಗಿದಳು, ಯಾಕೆಂದರೆ ಈ ಮನುಷ್ಯನ ಒಳಗೇನಿದೆ ಎಂದು ತಿಳಿಯಲು ಅವಳಿಗೆ ಉಳಿದಿದ್ದ ದಿನಗಳು ಹತ್ತೇ. ಎಡಗಡೆ ಅಂದರೆ ಬಲಗಡೆ ಓಡಿದಳು. ಲಾಕಿನ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ದಡದ ಅಂಗಡಿಯಲ್ಲಿ ಬನ್ನು ಕೊಳ್ಳಲು ನಿಂತಳು. ಅವನ ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಳು. ಹಿಂದೆ ನಾಲ್ಕು ದೋಣಿಗಳು ಹಾರ್ನ್ ಒತ್ತುತ್ತಿದ್ದಾಗಲೂ ಟೋರ್ಡ್ ಮುಗುಳ್ನಕ್ಕು, "ನಿಧಾನಕ್ಕೆ ಬಾ, ಕಾಲುವೆ ಎಲ್ಲಿಗೂ ಓಡಿಹೋಗಲ್ಲ" ಎಂದ. ಹಾಳಾಗಿ ಹೋಗಲಿ ಇವನ ತಾಳ್ಮೆ ಎಂದು ಗುನ್ವೋರ್ ಬನ್ನನ್ನು ಒಬ್ಬಳೇ ತಿಂದಳು.

ಒಂದು ವಿಷಯ ಮಾತ್ರ ಅವಳನ್ನು ಕೊರೆಯುತ್ತಿತ್ತು. ದಿನಾ ಸಂಜೆ ದೋಣಿ ಕಟ್ಟಿದ ಮೇಲೆ ಟೋರ್ಡ್ "ಸ್ವಲ್ಪ ಕಾಲಾಡಿಸಿ ಬರ್ತೀನಿ" ಎಂದು ಹೋಗುತ್ತಿದ್ದ. ಅರ್ಧ ಗಂಟೆ ಬಿಟ್ಟು ಬರುವಾಗ ಮುಖ ಕೆಂಪಗೆ, ಉಸಿರು ಜೋರು, ಕಣ್ಣಲ್ಲಿ ಮಾತ್ರ ಸ್ನಾನ ಮಾಡಿ ಬಂದವನಂಥ ನೆಮ್ಮದಿ. ಇನ್ನೇನಿರುತ್ತದೆ? ಫೋನಿನಲ್ಲಿ ಯಾವಳೋ ಇದ್ದಾಳೆ! ಇಲ್ಲಿ ಪರವಾಗಿಲ್ಲ ಪರವಾಗಿಲ್ಲ ಎನ್ನುವವನು ಅಲ್ಲಿ ಯಾವಳಿಗೋ ಏನೇನು ಹೇಳುತ್ತಿದ್ದಾನೋ.

ವೀಕೆನ್ ಸರೋವರಕ್ಕೆ ಬಂದಾಗ ಅವಳ ತಾಳ್ಮೆ ಮುಗಿಯಿತು. ಕಾಲುವೆಯಲ್ಲೇ ಎಲ್ಲಕ್ಕಿಂತ ಎತ್ತರದ ನೀರು ಅದು. ಸುತ್ತ ಕಾಡು, ನಡುವೆ ಸಣ್ಣ ಸಣ್ಣ ದ್ವೀಪಗಳು, ಕಲ್ಲಿನ ದಂಡೆಗಳ ನಡುವೆ ದೋಣಿಗಷ್ಟೇ ದಾರಿ. ನೀರು ಎಷ್ಟು ಸ್ತಬ್ಧವೆಂದರೆ ಇವಾರ್ ಮತ್ತು ಸೀವ್ ಕೂಡ ಹತ್ತು ನಿಮಿಷ ಜಗಳ ನಿಲ್ಲಿಸಿದರು. ಗುನ್ವೋರ್ ಆ ಚೆಲುವಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸಂಜೆ ಟೋರ್ಡ್ ಕಾಡಿನ ಕಡೆ ಹೆಜ್ಜೆ ಹಾಕಿದ್ದೇ ತಡ, ಬ್ಲೂಬೆರಿ ಕೀಳುವ ನೆಪ ಹೇಳಿ ಒಂದು ಬಟ್ಟಲು ಹಿಡಿದು ಹಿಂದೆಯೇ ಹೊರಟಳು.

ನೂರು ಹೆಜ್ಜೆ ಹೋಗಿರಬಹುದು, ಧ್ವನಿ ಕೇಳಿಸಿತು. ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಇಣುಕಿದಳು. ಟೋರ್ಡ್ ಒಬ್ಬನೇ ಇದ್ದ. ಫೋನಿರಲಿಲ್ಲ. ಎದುರಿಗೆ ಒಂದು ದೊಡ್ಡ ಪೈನ್ ಮರವಿತ್ತು. ಟೋರ್ಡ್ ಆ ಮರಕ್ಕೆ ಬೆರಳು ತೋರಿಸಿ ಅಬ್ಬರಿಸುತ್ತಿದ್ದ.

"ಆರು ಸಲ ಹೇಳ್ದೆ! ಆರು ಸಲ! ಹಗ್ಗನ ಬಳೆಯೊಳಗೆ ತೂರಿಸಿ ವಾಪಸ್ ಎಳ್ಕೋ ಅಂತ! ಒದ್ದೆ ಬಟ್ಟೆ ಒಣಗ ಹಾಕೋ ಥರ ನೇತುಹಾಕ್ತೀಯಲ್ಲೇ, ಸೈತಾನನ ಚಿಕ್ಕಮ್ಮ! ಬನ್ನು ಬೇಕಂತೆ ಬನ್ನು! ಹಿಂದೆ ನಾಲ್ಕು ದೋಣಿ ಬಾಯಿ ಬಡ್ಕೊತಿದ್ರೆ ಮಹಾರಾಣಿಗೆ ದಾಲ್ಚಿನ್ನಿ ಬನ್ನು! ಕನ್ನಡಕ ಹಿಟ್ಟಿನ ಡಬ್ಬೀಲಿ! ನರಕದಲ್ಲೂ ಇಂಥ ಅಡುಗೆಮನೆ ಇಲ್ಲ ಕಣೇ ಗುನ್ವೋರ್! ಆ ಕಾಫಿ! ಅದನ್ನ ಕಾಫಿ ಅಂತೀಯಾ? ಪಾತ್ರೆ ತೊಳೆದ ನೀರಿಗೆ ಮರ್ಯಾದೆ ಇದೆ!"

ಆಮೇಲೆ ಉಸಿರು ಎಳೆದುಕೊಂಡ, ಕೂದಲು ಸರಿಮಾಡಿಕೊಂಡ, ಮರದ ಕಾಂಡವನ್ನು ಎರಡು ಸಲ ತಟ್ಟಿದ. "ಆಯ್ತಪ್ಪ. ನಾಳೆ ನೋಡೋಣ," ಎಂದು ದೋಣಿಯ ಕಡೆ ಹೊರಟುಹೋದ.

ಗುನ್ವೋರ್ ಅಲ್ಲೇ ಕೂತಿದ್ದಳು. ಅರವತ್ತನಾಲ್ಕರ ಮಂಡಿ, ಏಳು ಎಂದರೆ ಏಳುವಂಥದ್ದಲ್ಲ. ಮೊದಲು ಬಂದದ್ದು ಕೋಪ. ತನ್ನ ಕಾಫಿಯ ಬಗ್ಗೆ ಹೀಗಾ! ಆಮೇಲೆ ಬಂದದ್ದು ನಗು, ಬಾಯಿಗೆ ಬ್ಲೂಬೆರಿ ತುಂಬಿಕೊಂಡು ತಡೆದಳು. ಸಿಕ್ಸ್ಟೆನ್ ಕೂಡ ಇಷ್ಟು ಸೊಗಸಾಗಿ ಬೈದವನಲ್ಲ, ಅವನದು ಬರೀ ಗದ್ದಲ, ಇವನದರಲ್ಲಿ ಒಂದು ಲಯ ಇತ್ತು. ನಗು ಮುಗಿದ ಮೇಲೆ ಅಳು ಬಂತು. ಆರು ವರ್ಷದಿಂದ ತನಗೆ ಸಲ್ಲಬೇಕಾದದ್ದೆಲ್ಲ ಯಾವುದೋ ಮರದ ಪಾಲಾಗಿದೆ. ನಾನೇನು ಆ ಮರಕ್ಕಿಂತ ಕಡೆಯೇ ಎಂದು ಅವಳಿಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಮಾರನೇ ದಿನ ದಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಸೀವ್‌ಗೆ ಹೇಳಿಕೊಂಡಳು. ಸೀವ್ ನಕ್ಕೂ ನಕ್ಕೂ ಸೋಪಿನ ಪೆಟ್ಟಿಗೆ ಬೀಳಿಸಿದಳು.

"ನಮ್ಮನೆಯದು ಒಂದೇ ಒಂದು ದಿನ ಮರಕ್ಕೆ ಬೈದು ಬರ್ಲಿ, ಚರ್ಚಿಗೆ ಮೇಣದ ಬತ್ತಿ ಹಚ್ತೀನಿ. ಬೇಕಾದ್ರೆ ಅದಲು ಬದಲು ಮಾಡ್ಕೊಳ್ಳೋಣ್ವಾ?"

"ತಮಾಷೆ ಸಾಕು ಮಾರಾಯ್ತಿ. ನನ್ ಮುಂದೆ ಯಾಕೆ ಬೈಯಲ್ಲ ಅವ್ನು?"

"ಕೇಳು ಅವನನ್ನೇ."

"ಕೇಳಿದ್ರೆ ಏನಂತಾನೆ ಗೊತ್ತಲ್ಲ. ಪರವಾಗಿಲ್ಲ ಅಂತಾನೆ."

ಗುನ್ವೋರ್ ಒಂದು ನಿರ್ಧಾರಕ್ಕೆ ಬಂದಳು. ಮೇಮ್ ತಲುಪುವುದರೊಳಗೆ ಆ ಬೈಗುಳವನ್ನು ಮರದಿಂದ ಕಿತ್ತು ತನ್ನ ಕಡೆ ತಿರುಗಿಸಿಕೊಳ್ಳಬೇಕು. ನನ್ನ ಮುಖ ನೋಡಿ ಒಂದು ಸಲ ಬೈದನೋ, ಒಂದೇ ಮನೆ. ಇಲ್ಲವೋ, ಶುಕ್ರವಾರ ಬಂದು ಭಾನುವಾರ ಹೋಗಲಿ, ಸಾಯುವ ತನಕ.

ಅಲ್ಲಿಂದ ಮುಂದೆ ಅವಳು ಮಾಡಿದ ಉಪದ್ರವಗಳನ್ನು ಎಣಿಸಿ ಹೇಳಿದರೆ ನನ್ನ ಮೇಲೇ ನಿಮಗೆ ಸಿಟ್ಟು ಬಂದೀತು. ಪಿಯಾನೋ ಸ್ವರ ನೋಡುವ ಅವನ ಶ್ರುತಿಕವೆಯಲ್ಲಿ ಬೆಣ್ಣೆ ಕಲಸಿದಳು. ದಿನವಿಡೀ ಒಂದೇ ಹಾಡನ್ನು ಬೇಕೆಂದೇ ಅರ್ಧ ಸ್ವರ ಕೆಳಗೆ ಗುನುಗಿದಳು, ಪಿಯಾನೋ ಶ್ರುತಿ ಮಾಡುವವನಿಗೆ ಅದು ಹಲ್ಲು ಕೀಳಿಸಿಕೊಂಡಷ್ಟು ಹಿಂಸೆ. ಟೋರ್ಡ್‌ನ ಎಡಗಣ್ಣು ಅದುರತೊಡಗಿತು, ಆದರೂ ಬಾಯಲ್ಲಿ "ಒಳ್ಳೆ ಹಾಡು." ಸಂಜೆ ಮಾತ್ರ ದಿನದಿಂದ ದಿನಕ್ಕೆ ದೊಡ್ಡ ಮರ ಹುಡುಕಿಕೊಂಡು ಹೋಗುತ್ತಿದ್ದ. ವೆಟ್ಟರ್ನ್ ಸರೋವರ ದಾಟುವ ದಿನ ಕಣ್ಣು ಹಾಯುವವರೆಗೂ ತಣ್ಣನೆಯ ನೀರು, ಬೈಯಲು ಒಂದು ಪೊದೆಯೂ ಇಲ್ಲ. ಪಾಪ, ದಾರಿಯುದ್ದಕ್ಕೂ ಮುಷ್ಟಿ ಬಿಗಿದುಕೊಂಡೇ ಕೂತಿದ್ದ. ಆಚೆ ದಡದ ಮೊಟಾಲಾ ಮುಟ್ಟಿದ್ದೇ ತಡ, ದೋಣಿ ಕಟ್ಟುವ ಮೊದಲೇ ಜಿಗಿದು ಪಾರ್ಕಿನ ಕಡೆ ಓಡಿದ.

ಬರ್ಗ್‌ಗೆ ಬಂದಾಗ ಹನ್ನೊಂದನೇ ದಿನದ ಮಧ್ಯಾಹ್ನ. ಅಲ್ಲಿ ಏಳು ಲಾಕುಗಳು ಒಂದಕ್ಕೊಂದು ಅಂಟಿಕೊಂಡು ಮೆಟ್ಟಿಲಿನಂತೆ ರೋಕ್ಸೆನ್ ಸರೋವರಕ್ಕೆ ಇಳಿಯುತ್ತವೆ. ಎರಡೂ ಬದಿಯ ಹುಲ್ಲಿನ ಇಳಿಜಾರಿನಲ್ಲಿ ಇನ್ನೂರು ಜನವಾದರೂ ಕೂತಿದ್ದರು. ಟೋರ್ಡ್ ಬೆಳಿಗ್ಗೆಯಿಂದ ಮಾತೇ ಆಡಿರಲಿಲ್ಲ. ಕಾಫಿಯನ್ನೂ ಕುಡಿದಿರಲಿಲ್ಲ, ನನ್ನ ಕಾಫಿ ತಾನೇ, ಅದಕ್ಕೇ ಇರಬೇಕು ಎಂದುಕೊಂಡಿದ್ದಳು ಗುನ್ವೋರ್. ಇನ್ನೆರಡು ದಿನಕ್ಕೆ ಮೇಮ್. ಇಲ್ಲಿ ಬೈಯದವನು ಇನ್ನೆಲ್ಲೂ ಬೈಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಇಳಿಯುವ ಲಾಕಿನಲ್ಲಿ ಒಂದು ನಿಯಮ ಉಂಟು, ಅದು ಕಾಲುವೆಗೆ ಬಂದ ಎಲ್ಲರಿಗೂ ಬಾಯಿಪಾಠ. ಹಗ್ಗವನ್ನು ದೋಣಿಯ ಗೂಟಕ್ಕೆ ಕಟ್ಟಕೂಡದು. ಕೈಯಲ್ಲಿ ಹಿಡಿದು, ನೀರು ಇಳಿದಂತೆ ಬಿಡುತ್ತ ಹೋಗಬೇಕು. ಕಟ್ಟಿದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಮೇಲೇ ನೇತಾಡುತ್ತದೆ. ಮೊದಲ ಲಾಕನ್ನು ಗುನ್ವೋರ್ ನೆಟ್ಟಗೆ ಇಳಿದಳು. ಎರಡನೆಯದರಲ್ಲಿ ಹಿಂದಿರುಗಿ ನೋಡಿದಳು. ಟೋರ್ಡ್ ಹಿಂಬದಿಯ ಹಗ್ಗ ಹಿಡಿದು ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಣ್ಣಿಗೆ ಕಾಣುವ ಹಾಗೆ ಮುಂದಿನ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಸುತ್ತಿದಳು. ಇನ್ನೊಂದು ಸುತ್ತಿದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೈಯಲಿ, ಆಮೇಲೆ ಬಿಚ್ಚಿದರಾಯಿತು, ಎರಡು ಸೆಕೆಂಡಿನ ಕೆಲಸ.

ನೀರು ಭೋರೆಂದು ಇಳಿಯತೊಡಗಿತು. ಟೋರ್ಡ್‌ನ ತುಟಿ ಅಲ್ಲಾಡಿತು. ಏನೆಂದನೋ, ಆ ಸದ್ದಿನಲ್ಲಿ ಕೇಳಿಸಲಿಲ್ಲ. "ದಯವಿಟ್ಟು" ಎಂದಂತಿತ್ತು.

"ಕೇಳಿಸ್ತಿಲ್ಲ!" ಎಂದು ಗುನ್ವೋರ್ ಕೂಗಿದಳು. "ಜೋರಾಗಿ ಹೇಳು!"

ಎರಡು ಸೆಕೆಂಡು ಯಾವಾಗಲೋ ಕಳೆದಿತ್ತು. ಹಗ್ಗ ಬಿಗಿದು ಕೀರಲು ಧ್ವನಿ ಹೊರಡಿಸಿತು. ಅವಳು ಬಿಚ್ಚಲು ಬಾಗಿದಳು, ಸುತ್ತು ಕಲ್ಲಿನಂತೆ ಕಚ್ಚಿಕೊಂಡಿತ್ತು. ದೋಣಿಯ ಮೂತಿ ಹಗ್ಗಕ್ಕೆ ನೇತುಬಿದ್ದು ಹಿಂಬದಿ ಕೆಳಗಿಳಿಯಿತು. ಒಳಗೆ ತಟ್ಟೆ, ಬಟ್ಟಲು, ಕೆಟಲು, ಮೀನಿನ ಭರಣಿ ಎಲ್ಲ ಸಾಲುಗಟ್ಟಿ ಜಾರಿ ಚೂರಾದವು. ಗುನ್ವೋರ್ ದಿಕ್ಕು ತೋಚದೆ ಹಗ್ಗಕ್ಕೂ ಗೂಟಕ್ಕೂ ನಡುವೆ ಬೆರಳು ತುರುಕಿ ಎಳೆಯತೊಡಗಿದಳು. ಅಷ್ಟು ಭಾರದ ಹಗ್ಗ ಒಂದು ಇಂಚು ಜಾರಿದರೆ ನಾಲ್ಕು ಬೆರಳೂ ಅಲ್ಲೇ ಉಳಿಯುತ್ತಿದ್ದವು.

"ಬೆರಳು ತೆಗೆಯೇಏಏ!"

ಆ ಕೂಗಿಗೆ ಹುಲ್ಲಿನ ಮೇಲಿದ್ದ ನಾಯಿಗಳೂ ಎದ್ದು ನಿಂತವು.

"ಬೆರಳು ತೆಗೆ ಅಂದ್ರೆ ತೆಗಿ, ಕತ್ತೆ! ಪೆದ್ದು ಮೂಳೆ! ಹಿಂದಕ್ಕೆ ಬೀಳು! ತಲೇಲಿ ಏನಿಟ್ಕೊಂಡಿದ್ದೀಯ, ಹೆರಿಂಗ್ ಮೀನಾ? ಮುಟ್ಟಿದ್ರೆ ನೋಡು ಅದನ್ನ! ಕೂತ್ಕೋ ಅಲ್ಲೇ!"

ಗುನ್ವೋರ್ ಕೈ ಕಿತ್ತುಕೊಂಡು ಕುಂಡೆ ಊರಿ ಕೂತಳು. ಓರೆಯಾದ ದೋಣಿಯ ಮೇಲೆ ಟೋರ್ಡ್ ಮಂಗನ ಹಾಗೆ ಹತ್ತಿ ಬಂದ, ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಹಗ್ಗವನ್ನು ಗರಗರ ಕೊಯ್ದ. ಫಟ್ ಎಂದು ಹಗ್ಗ ಹರಿಯಿತು, ದೋಣಿ ಧೊಪ್ಪೆಂದು ನೀರಿಗೆ ಬಿತ್ತು, ಇಬ್ಬರೂ ನೆನೆದು ಮುದ್ದೆಯಾದರು. ಅಷ್ಟರಲ್ಲಿ ಮೇಲೆ ಲಾಕು ನೋಡಿಕೊಳ್ಳುವ ಕೆಂಪು ಜಡೆಯ ಹೆಂಗಸು ನೀರು ನಿಲ್ಲಿಸಿದ್ದಳು. ದಡದ ಇನ್ನೂರು ಜನವೂ ಎದ್ದು ನಿಂತಿದ್ದರು. ಹಿಂದಿನ ದೋಣಿಯಲ್ಲಿ ಇವಾರ್ ಬಾಯಿ ತೆರೆದವನು ಹಾಗೇ ಇದ್ದ.

ಗುನ್ವೋರ್ ತನ್ನ ಬೆರಳುಗಳನ್ನು ಎಣಿಸಿದಳು. ಹತ್ತೂ ಇದ್ದವು.  ಬೈದ! ನನ್ನ ಮುಖ ನೋಡಿ ಬೈದ! ನಗುತ್ತ ತಿರುಗಿದಳು, ಟೋರ್ಡ್ ಅಲ್ಲಿರಲಿಲ್ಲ. ಒಳಗೆ ಹೋಗಿದ್ದ. ಚೂರು ಗುಡಿಸುತ್ತಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಹೊರಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ಅವಳ ನೀಲಿ ಚೀಲ, ತುಂಬಿ ಜಿಪ್ ಎಳೆದದ್ದು.

"ಬ್ರಷ್ಷು, ರಾತ್ರಿ ಅಂಗಿ ಹಾಕಿದ್ದೀನಿ," ಎಂದ. ಅವಳ ಮುಖ ನೋಡದೆ ಚೀಲವನ್ನೇ ನೋಡುತ್ತಿದ್ದ. "ಬಿ.ಪಿ. ಮಾತ್ರೆ ಪಕ್ಕದ ಖಾನೇಲಿದೆ. ಗೋಡೆಗೆ ಏಣಿ ಇದೆ, ನಿಧಾನಕ್ಕೆ ಹತ್ತು. ಬಸ್ಸು ಮೇಲಿನ ರಸ್ತೇಲಿ ನಿಲ್ಲತ್ತೆ, ನಾಲ್ಕೂ ಇಪ್ಪತ್ತಕ್ಕೆ."

"ಯಾಕೋ? ಏನಾಯ್ತೋ ನಿಂಗೆ?"

"ಲೈಲಾ ಇಲ್ಲೇ ಇಳಿದುಹೋಗಿದ್ದು."

"ಇಲ್ಲೇ ಅಂದ್ರೆ?"

"ಇದೇ ಬರ್ಗ್‌ನಲ್ಲಿ. ಹಗ್ಗ ಬಿಟ್ಲು, ನಾನು ಬೈದೆ. ಹೀಗೇ, ಜನರ ಮುಂದೆ. ಒಂದು ಮಾತೂ ಆಡ್ಲಿಲ್ಲ ಅವಳು. ಚೀಲ ತುಂಬ್ಕೊಂಡು ಏಣಿ ಹತ್ತಿದ್ಲು. ಮನೆಗೆ ಹೋದ್ರೆ ಬೀರು ಖಾಲಿ." ಅವನು ಚೀಲದ ಜಿಪ್ಪನ್ನು ಇನ್ನೊಮ್ಮೆ ಎಳೆದು ನೋಡಿದ. "ಆ ಅವಸರದಲ್ಲಿ ಔಷಧಿ ಇಲ್ಲೇ ಮರೆತು ಹೋಗಿದ್ಲು. ಎಲ್ಲಿಗೆ ಕಳಿಸ್ಬೇಕು ಅಂತ್ಲೂ ಗೊತ್ತಿರ್ಲಿಲ್ಲ ನಂಗೆ. ಅದಕ್ಕೇ ಈ ಸಲ ನಾನೇ ಎಲ್ಲ ಹಾಕ್ದೆ."

ಗುನ್ವೋರ್ ಚೀಲ ನೋಡಿದಳು, ಅವನನ್ನು ನೋಡಿದಳು. ಆರು ವರ್ಷ! ತಾನು ಇವನು ಎದ್ದುಹೋಗುತ್ತಾನೆ ಎಂದು ಹೆದರಿ ಕೂತಿದ್ದರೆ, ಇವನು ತನ್ನ ಬಾಯಿಗೆ ಬೀಗ ಹಾಕಿಕೊಂಡು ಇವಳು ಎದ್ದುಹೋಗುತ್ತಾಳೆ ಎಂದು ಹೆದರಿ ಕೂತಿದ್ದಾನೆ. ಬೇಕೆಂದೇ ಹಗ್ಗ ಕಟ್ಟಿ ಇವನನ್ನು ಈ ಸ್ಥಿತಿಗೆ ತಂದವಳು ತಾನು. ಕ್ಷಮಿಸು ಎನ್ನಬೇಕಿತ್ತು, ತಬ್ಬಿಕೊಳ್ಳಬೇಕಿತ್ತು, ಸಭ್ಯಸ್ಥರಾದರೆ ಏನೇನು ಮಾಡುತ್ತಾರೋ ಅದೆಲ್ಲ ಮಾಡಬೇಕಿತ್ತು. ಆದರೆ ಅವಳಿಗೆ ಬಂದದ್ದು ಉರಿಯುವ ಸಿಟ್ಟು.

"ಯಾರು ಹೇಳಿದ್ದೋ ನಿಂಗೆ ನನ್ನ ಸಾಮಾನು ಮುಟ್ಟು ಅಂತ?" ಎಂದು ಚೀಲ ಕಿತ್ತುಕೊಂಡಳು. "ಬೇಕಂತ್ಲೇ ಕಟ್ಟಿದ್ದು ಕಣೋ ಹಗ್ಗನ! ನೀನು ಒಂದ್ ಸಲ ಬಾಯ್ಬಿಟ್ಟು ಬೈಲಿ ಅಂತ! ನನ್ನ ಬೆರಳು ಹೋಗ್ತಿತ್ತು ನಿನ್ನ ಬಾಯಿ ತೆಗೆಸೋಕೆ! ಬೈದ್ರೆ ಓಡಿಹೋಗೋಳಾಗಿದ್ರೆ ಸಿಕ್ಸ್ಟೆನ್ ಜೊತೆ ಮೂವತ್ತೊಂದು ವರ್ಷ ಹೋಗ್ಲಿ, ಮೂವತ್ತೊಂದು ದಿನಾನೂ ಇರ್ತಿರ್ಲಿಲ್ಲ ನಾನು! ನನ್ನ ಕಾಫಿ ಚೆನ್ನಾಗಿಲ್ವಾ? ನನ್ ಮುಂದೆ ಹೇಳು! ಚೀಲ ತುಂಬ್ತಾನಂತೆ ಚೀಲ! ಮನೆಗೆ ಬಂದ್ಮೇಲೆ ಬೀರೂಲಿ ಎಡಗಡೆ ಬಾಗಿಲು ನಿಂದು, ಬಲಗಡೇದು ನಂದು. ನನ್ನ ಬಾಗಿಲಿಗೆ ಕೈ ಹಾಕಿದ್ರೆ ಕೈ ಮುರೀತೀನಿ, ಗೊತ್ತಾಯ್ತಾ?"

ಟೋರ್ಡ್ ಕಣ್ಣು ಪಿಳಿಪಿಳಿ ಬಿಟ್ಟ.

"ಯಾವ ಮನೆಗೆ?"

"ಯಾವ ಮನೆಗೆ ಅಂದ್ರೆ! ನನ್ ಮನೆಗೆ! ಮಾರಿಯೆಸ್ತಾದ್‌ಗೆ! ನಿನ್ ಮನೇಲಿ ಅಡುಗೆಮನೆ ಅಂತ ಕರೆಯೋಕೆ ಏನಿದೆ, ಎರಡು ಒಲೆ, ಒಂದು ತೂತು ಬಾಣಲೆ!"

ಇವಳು ಚೀಲವನ್ನು ಒಳಗೆ ಎಸೆದಳು. ಅದು ಒಡೆದ ಬಟ್ಟಲುಗಳ ಮೇಲೆ, ಚೆಲ್ಲಿದ ಮೀನಿನ ನಡುವೆ ಬಿತ್ತು. ಟೋರ್ಡ್ ತೋಳಿನಿಂದ ಮುಖ ಒರೆಸಿಕೊಂಡ. ಕಾಲುವೆಯ ನೀರೇ ಇರಬಹುದು, ಇಬ್ಬರೂ ನೆನೆದಿದ್ದರು.

"ನಿಮ್ದು ಮುಗೀತಾ?" ಎಂದು ಕೆಂಪು ಜಡೆಯವಳು ಮೇಲಿನಿಂದ ಬಗ್ಗಿ ಕೇಳಿದಳು. "ನೀರು ಬಿಡ್ಲಾ? ಹಿಂದೆ ಜನ ಕಾಯ್ತಿದ್ದಾರೆ."

"ಬಿಡಮ್ಮ," ಎಂದಳು ಗುನ್ವೋರ್, ಬೇರೆ ಹಗ್ಗ ಎತ್ತಿಕೊಂಡು ಮೂತಿಯ ಕಡೆ ಹೋಗುತ್ತ.

ನೀರು ಇಳಿಯತೊಡಗಿತು. ಟೋರ್ಡ್ ತನ್ನ ಜಾಗಕ್ಕೆ ಹೋಗಿ ನಿಂತ. ಅವಳ ಕೈಯ ಕಡೆ ನೋಡಿದ, ಒಂದು ಸಲ ಉಗುಳು ನುಂಗಿದ.

"ಸಡಿಲ ಬಿಡೇ!" ಎಂದು ಕೂಗಿದ. ಅರ್ಧಕ್ಕೇ ಧ್ವನಿ ಒಡೆಯಿತು. ಕೂಗಿದವನು ಉಸಿರು ಬಿಗಿಹಿಡಿದು ಅವಳ ಕಾಲುಗಳನ್ನೇ ನೋಡುತ್ತ ನಿಂತ, ಎಲ್ಲಿ ಏಣಿಯ ಕಡೆ ಹೊರಡುತ್ತವೋ ಎಂದು.

ಕಾಲುಗಳು ಇದ್ದಲ್ಲೇ ಇದ್ದವು.

"ಬಿಡ್ತಾ ಇದ್ದೀನಲ್ಲೋ, ಕಣ್ಣು ಕಾಣಲ್ವಾ?" ಎಂದಳು ಗುನ್ವೋರ್, ಹಗ್ಗವನ್ನು ಕೈಯಿಂದ ಕೈಗೆ ಬಿಡುತ್ತ. ಕೆಳಗಿನ ಬಾಗಿಲು ತೆರೆಯಿತು. ಸರೋವರಕ್ಕೆ ಇನ್ನೂ ಐದು ಲಾಕು ಇಳಿಯಬೇಕಿತ್ತು.